ಖಾಲಿಯಾಗಿ ಬಂದ ಎಂಜಿನ್ನು

"ಗುರುಗಳೇ, ನನ್ನನ್ನು ಬರಿಗೈಯಲ್ಲಿ ಕಳಿಸುತ್ತೀರಾ?" ಎಂದು ಶಿಷ್ಯ ಕೇಳಿದ.

ಈ ಪ್ರಶ್ನೆ ಯಾಕೆ ಬಂತು ಎಂಬುದನ್ನು ಮೊದಲು ಹೇಳಿಬಿಡಬೇಕು. ಶಿಷ್ಯನ ಹೆಸರು ಮರುಳಯ್ಯ. ಚಿಕ್ಕಂದಿನಲ್ಲಿ ಮಠಕ್ಕೆ ಬಂದವನು, ಅಲ್ಲೇ ಬೆಳೆದವನು. ಅಂದು ಮಧ್ಯಾಹ್ನದ ಬಸ್ಸಿಗೆ ಅವನು ಬೇರೆ ಊರಿಗೆ ಹೊರಡುವವನಿದ್ದ. ಆ ಊರಿನ ಚಿಕ್ಕ ಮಠದಲ್ಲಿ ಪಾಠ ಹೇಳುವವರು ಇರಲಿಲ್ಲ. ಅಲ್ಲಿಯವರು ಬಂದು ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಿದ್ದರು. ಗುರುಗಳು ಮರುಳಯ್ಯನ ಹೆಸರು ಹೇಳಿದ್ದರು.

ಹಿಂದಿನ ಗುರುಗಳ ಕಾಲದಲ್ಲಿ ಹೀಗೆ ಹೊರಡುವವರಿಗೆ ಏನಾದರೂ ಸಿಗುತ್ತಿತ್ತು. ಒಬ್ಬನಿಗೆ ಗುರುಗಳು ಹೊದೆಯುತ್ತಿದ್ದ ಶಾಲು ಸಿಕ್ಕಿತ್ತು. ಇನ್ನೊಬ್ಬನಿಗೆ ಅವರು ಓದುತ್ತಿದ್ದ ಪುಸ್ತಕ ಸಿಕ್ಕಿತ್ತು. ಏನೂ ಇಲ್ಲದಿದ್ದರೆ ಹೊರಡುವವನನ್ನು ಹತ್ತಿರ ಕರೆದು ಕಿವಿಯಲ್ಲಿ ಒಂದು ಮಾತನ್ನಾದರೂ ಹೇಳುತ್ತಿದ್ದರು. ಆ ಮಾತು ಏನೆಂದು ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ಕೇಳಿಸಿಕೊಂಡವನು ಮಾತ್ರ ತಲೆಯ ಮೇಲೆ ತುಂಬಿದ ಕೊಡ ಹೊತ್ತವನ ಹಾಗೆ ನಡೆದು ಹೋಗುತ್ತಿದ್ದ.

ಈಗಿನ ಗುರುಗಳು ಪೀಠಕ್ಕೆ ಬಂದು ವರ್ಷ ತುಂಬಿರಲಿಲ್ಲ. ಅದಕ್ಕೂ ಮುಂಚಿನಿಂದ ಮರುಳಯ್ಯನಿಗೆ ಪಾಠ ಹೇಳಿದವರು ಅವರೇ. ಆದರೆ ಗುರುವಾಗಿ ಅವರು ಹೊರಗೆ ಕಳಿಸುತ್ತಿರುವ ಮೊದಲನೆಯವನು ಇವನು. ಬೆಳಗಿನಿಂದ ಮರುಳಯ್ಯ ಕಾದಿದ್ದ. ಪೂಜೆ ಮುಗಿಯಿತು, ಪ್ರಸಾದ ಮುಗಿಯಿತು. ಗುರುಗಳು ಶಾಲು ಕೊಡಲಿಲ್ಲ, ಪುಸ್ತಕ ಕೊಡಲಿಲ್ಲ, ಹತ್ತಿರ ಕರೆಯಲೂ ಇಲ್ಲ. ಬರಿಗೈಯಲ್ಲಿ ಹೋದರೆ ಅಲ್ಲಿಯವರು ಏನೆಂದುಕೊಳ್ಳುತ್ತಾರೆ? ಗುರುಗಳಿಗೆ ಬೇಡವಾದವನನ್ನು ನಮ್ಮ ಕಡೆ ಸಾಗಹಾಕಿದ್ದಾರೆ ಎನ್ನುವುದಿಲ್ಲವೇ? ನಿಜ ಹೇಳಬೇಕೆಂದರೆ, ಅಲ್ಲಿಯವರಿಗೆ ಆ ಅನುಮಾನ ಬರುವ ಮೊದಲೇ ಮರುಳಯ್ಯನಿಗೆ ಬಂದಿತ್ತು.

ಆಗ ಅವನು ಮಠದ ಹಿತ್ತಲಿನಲ್ಲಿ ಎಂಜಿನ್ನಿನ ಮುಂದೆ ಕೂತಿದ್ದ. ಮಠದವರು ಪ್ರತಿ ಚಳಿಗಾಲದಲ್ಲಿ ಕೆಲವು ದಿನ ಊರಾಚೆಯ ಬಂಡೆಬಯಲಿನಲ್ಲಿ ಟೆಂಟು ಹಾಕಿಕೊಂಡು ಇರುತ್ತಾರೆ. ಅಲ್ಲಿ ಕರೆಂಟು ಇಲ್ಲ. ದೀಪಕ್ಕೆ ಒಂದು ಬ್ಯಾಟರಿ, ಆ ಬ್ಯಾಟರಿಯನ್ನು ಚಾರ್ಜು ಮಾಡಲು ಒಂದು ಚಿಕ್ಕ ಪೆಟ್ರೋಲ್ ಎಂಜಿನ್ನು. ಒಬ್ಬನೇ ಎತ್ತಿಕೊಂಡು ಹೋಗುವಷ್ಟು ಚಿಕ್ಕದು. ಅದರ ಉಸ್ತುವಾರಿ ಮರುಳಯ್ಯನದು. ಹಿಂದಿನ ದಿನವಷ್ಟೇ ಬಿಡಾರ ಎತ್ತಿ ಎಲ್ಲರೂ ಮಠಕ್ಕೆ ಮರಳಿದ್ದರು. ಹೊರಡುವ ಮುಂಚೆ ಅದನ್ನು ಸರಿಯಾಗಿ ಒಪ್ಪಿಸಿ ಹೋಗೋಣ ಎಂದು ಅವನು ಫಿಲ್ಟರಿನ ಧೂಳು ಕೊಡವಿದ್ದ, ಎಂಜಿನ್ ಆಯಿಲ್ ಬದಲಾಯಿಸಿದ್ದ, ಬ್ಯಾಟರಿಗೆ ನೀರು ತುಂಬಿ ಕೊನೆಯ ಸಲ ಚಾರ್ಜಿಗೆ ಹಾಕಿದ್ದ. ಬ್ಯಾಟರಿ ತುಂಬಿತ್ತು. ಅದರ ವಯರು ಬಿಚ್ಚಿಟ್ಟು, ಓಟ ಸರಿಯಿದೆಯೇ ಎಂದು ನೋಡಲು ಎಂಜಿನ್ನನ್ನು ಓಡಲು ಬಿಟ್ಟಿದ್ದ. ಆ ಸದ್ದಿನ ನಡುವೆ ಗುರುಗಳು ಹಿತ್ತಲಿಗೆ ಬಂದರು. ಮರುಳಯ್ಯ ಸ್ವಿಚ್ಚು ಒತ್ತಿ ಎಂಜಿನ್ನು ನಿಲ್ಲಿಸಿದ. ನಿಲ್ಲಿಸಿ ಆ ಪ್ರಶ್ನೆ ಕೇಳಿದ.

ಗುರುಗಳು ಎಂಜಿನ್ನನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಕೊಂಡರು.

"ಹಿಂದಿನ ಗುರುಗಳಾಗಿದ್ದರೆ ಇದಕ್ಕೊಂದು ಕತೆ ಹೇಳುತ್ತಿದ್ದರು," ಎಂದರು. "ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಹೇಳಲು ಹೋದರೆ ಕೆಡಿಸುತ್ತೇನೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವುದು ನನಗೆ ಬರುವುದಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ."

"ಕೆಟ್ಟರೂ ಅಡ್ಡಿಯಿಲ್ಲ, ಹೇಳಿ ಗುರುಗಳೇ," ಎಂದ ಮರುಳಯ್ಯ. ಇವರು ಕತೆ ಹೇಳಿದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಬೇಸರದ ನಡುವೆಯೂ ಅವನಿಗೆ ಕುತೂಹಲವಾಯಿತು.

ಗುರುಗಳು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ, ಒಬ್ಬ ನೇಕಾರ ಇದ್ದ. ವ್ಯಾಪಾರಿಯದು ಬೆಲ್ಲದ ಅಂಗಡಿ. ನೇಕಾರನ ಮನೆಯಲ್ಲಿ ಮಗ್ಗಗಳು, ಕರೆಂಟಿನಲ್ಲಿ ಓಡುವಂಥವು. ಆ ಮಗ್ಗಗಳ ಸದ್ದು ಎಂಥದ್ದೆಂದರೆ, ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಎಷ್ಟೋ ವರ್ಷ ಆ ಸದ್ದಿನಲ್ಲಿ ಕೆಲಸ ಮಾಡಿ ನೇಕಾರನ ಕಿವಿ ಮಂದವಾಗಿತ್ತು. ವರ್ಷದಿಂದ ವರ್ಷಕ್ಕೆ ಇನ್ನಷ್ಟು ಮಂದವಾಗುತ್ತಿತ್ತು. ಅವನು ಕಿವಿಗೆ ಒಂದು ಯಂತ್ರ ಹಾಕಿಕೊಳ್ಳುತ್ತಿದ್ದ. ಅದಕ್ಕೆ ದಿನವೂ ಚಾರ್ಜು ಬೇಕು.

ಇವರಿಬ್ಬರೂ ಗೆಳೆಯರು. ಪ್ರತಿ ಚಳಿಗಾಲ ಇಬ್ಬರೂ ದೂರದ ಒಂದು ಕೆರೆಗೆ ಹೋಗಿ, ದಂಡೆಯ ಮೇಲೆ ಟೆಂಟು ಹಾಕಿಕೊಂಡು ಕೆಲವು ದಿನ ಇರುತ್ತಿದ್ದರು. ಆ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ವ್ಯಾಪಾರಿ ಅವುಗಳನ್ನು ನೋಡಲು ಹೋಗುತ್ತಿದ್ದ. ನೇಕಾರ ಅವುಗಳನ್ನು ಕೇಳಲು ಹೋಗುತ್ತಿದ್ದ. ಇಡೀ ಹಿಂಡು ಒಮ್ಮೆಗೇ ನೀರಿನಿಂದ ಎದ್ದಾಗ ಒಂದು ಕೂಗು ಏಳುತ್ತದೆ. ಮಗ್ಗದ ಸದ್ದು ಹಾಳುಮಾಡಿದ ಕಿವಿಗೆ ಆ ಒಂದು ಕೂಗು ಸಾಕು ಎಂದು ಅವನು ಹೇಳುತ್ತಿದ್ದ.

"ಆ ಹಕ್ಕಿ ಹೇಗೆ ಕೂಗುತ್ತದೆ, ಗುರುಗಳೇ?" ಎಂದು ಮರುಳಯ್ಯ ಕೇಳಿದ.

"ಅದು ಮುಂದೆ ಬರುತ್ತದೆ. ನಡುವೆ ಕೇಳಿದರೆ ನನಗೆ ಮರೆತುಹೋಗುತ್ತದೆ," ಎಂದರು ಗುರುಗಳು.

ಕೆರೆಯ ದಂಡೆಯಲ್ಲಿ ಕರೆಂಟು ಇಲ್ಲ. ಅದಕ್ಕೆ ಇಬ್ಬರೂ ಸೇರಿ ಒಂದು ಬ್ಯಾಟರಿ ಕೊಂಡರು, ಅದನ್ನು ಚಾರ್ಜು ಮಾಡಲು ಇಂಥದ್ದೇ ಒಂದು ಚಿಕ್ಕ ಎಂಜಿನ್ನು ಕೊಂಡರು. ಇಬ್ಬರ ಯಂತ್ರ ಯಾರ ಮನೆಯಲ್ಲಿ ಇರಬೇಕು? ಒಂದು ವರ್ಷ ಇವನ ಮನೆಯಲ್ಲಿ, ಒಂದು ವರ್ಷ ಅವನ ಮನೆಯಲ್ಲಿ ಎಂದು ಮಾಡಿಕೊಂಡರು. ಮನೆಯಲ್ಲಿ ಇಟ್ಟುಕೊಂಡವನು ಅದನ್ನು ಕೆರೆಗೆ ತರಬೇಕು. ಬಿಡಾರ ಎತ್ತುವ ದಿನ ಇನ್ನೊಬ್ಬನ ಕೈಗೆ ಕೊಡಬೇಕು. ಅವನು ಒಯ್ದು ಮುಂದಿನ ಚಳಿಗಾಲದವರೆಗೆ ಇಟ್ಟುಕೊಳ್ಳಬೇಕು.

ಈಗ ಒಂದು ವಿಷಯ ವಿವರಿಸಬೇಕು. ಪಕ್ಕದ ಮನೆಯವರು ಒಂದು ಪಾತ್ರೆಯಲ್ಲಿ ಸಾರು ಕೊಟ್ಟರೆ ಆ ಪಾತ್ರೆಯನ್ನು ನಾವು ಹೇಗೆ ಹಿಂದಿರುಗಿಸುತ್ತೇವೆ? ತೊಳೆದು ಬರಿದೇ ಕೊಡುವುದಿಲ್ಲ. ಪಲ್ಯ ಹಾಕುತ್ತೇವೆ. ಪಲ್ಯ ಇಲ್ಲದಿದ್ದರೆ ಹಣ್ಣು. ಅದೂ ಇಲ್ಲದಿದ್ದರೆ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಖಾಲಿ ಪಾತ್ರೆ ಕೊಟ್ಟರೆ ನಿಮ್ಮ ಮನೆಗೂ ನಮ್ಮ ಮನೆಗೂ ಇನ್ನು ಏನೂ ಇಲ್ಲ ಎಂದು ಹೇಳಿದಂತೆ ಆಗುತ್ತದೆ. ಇದು ನಿನಗೂ ಗೊತ್ತು.

"ಗೊತ್ತು," ಎಂದ ಮರುಳಯ್ಯ. ತನ್ನ ಬರಿಗೈ ನೆನಪಾಗಿ ತಲೆ ತಗ್ಗಿಸಿದ.

ನೇಕಾರ ಈ ಪದ್ಧತಿಯಲ್ಲಿ ಬೆಳೆದವನು. ಅವನ ಕಣ್ಣಿಗೆ ಎಂಜಿನ್ನೂ ಒಂದು ಪಾತ್ರೆಯೇ. ತಾನು ಕೊಡುವ ಸರದಿ ಬಂದಾಗ ಅವನು ಟ್ಯಾಂಕಿನ ತುಂಬ ಪೆಟ್ರೋಲ್ ತುಂಬಿಸುತ್ತಿದ್ದ. ಕಂಠದವರೆಗೆ ತುಂಬಿಸಿ, ಮುಚ್ಚಳ ಬಿಗಿದು, ತಾನೇ ನೇಯ್ದ ಒಂದು ಟವಲ್ಲು ಮೇಲೆ ಹೊದಿಸಿ, ಎರಡೂ ಕೈಯಲ್ಲಿ ಕೊಡುತ್ತಿದ್ದ. ವ್ಯಾಪಾರಿ ಸಂತೋಷದಿಂದ ತೆಗೆದುಕೊಳ್ಳುತ್ತಿದ್ದ.

ವ್ಯಾಪಾರಿ ಕೊಡುವ ಸರದಿ ಬಂದಾಗ ಹಾಗಿರಲಿಲ್ಲ. ಅವನು ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಕ್ಯಾನಿಗೆ ಬಸಿದುಕೊಳ್ಳುತ್ತಿದ್ದ. ಟ್ಯಾಂಕಿನ ಕೆಳಗಿನ ನಲ್ಲಿ ಮುಚ್ಚುತ್ತಿದ್ದ. ಆಮೇಲೆ ಎಂಜಿನ್ನನ್ನು ಸ್ಟಾರ್ಟ್ ಮಾಡಿ, ಅದು ತಾನಾಗಿ ನಿಲ್ಲುವತನಕ ಪಕ್ಕದಲ್ಲೇ ಕೂತಿರುತ್ತಿದ್ದ. ಬೀಡಿ ಸೇದುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಅದು ನಿಂತ ಮೇಲೆ ಒರೆಸಿ, ಖಾಲಿಯಾಗಿ ಕೊಡುತ್ತಿದ್ದ.

ನಲ್ಲಿ ಮುಚ್ಚಿದ ಮೇಲೂ ಎಂಜಿನ್ನು ಯಾಕೆ ಓಡುತ್ತದೆ ಎಂದರೆ, ಪೆಟ್ರೋಲ್ ಟ್ಯಾಂಕಿನಿಂದ ನೇರವಾಗಿ ಎಂಜಿನ್ನಿಗೆ ಹೋಗುವುದಿಲ್ಲ. ನಡುವೆ ಕಾರ್ಬುರೇಟರ್ ಇದೆ. ಅದರ ಅಡಿಯಲ್ಲಿ ಒಂದು ಪುಟ್ಟ ಬಟ್ಟಲು ಇದೆ. ಮೊದಲು ಆ ಬಟ್ಟಲು ತುಂಬುತ್ತದೆ, ಆ ಬಟ್ಟಲಿನಿಂದ...

"ಗುರುಗಳೇ, ಆ ಬಟ್ಟಲನ್ನು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವವನು ನಾನೇ," ಎಂದ ಮರುಳಯ್ಯ.

"ಹೌದಲ್ಲ," ಎಂದರು ಗುರುಗಳು. ಸ್ವಲ್ಪ ನಾಚಿಕೊಂಡರು. "ಹಾಗಾದರೆ ನೀನೇ ಹೇಳು. ನಿಲ್ಲುವ ಮುಂಚೆ ಅದು ಹೇಗೆ ಓಡುತ್ತದೆ?"

"ನಿಲ್ಲುವ ಮುಂಚೆ ಒಮ್ಮೆ ಜೋರಾಗುತ್ತದೆ," ಎಂದ ಮರುಳಯ್ಯ. "ಟ್ಯಾಂಕು ತುಂಬಿದ್ದಾಗಲೂ ಅಷ್ಟು ಜೋರಾಗಿ ಓಡುವುದಿಲ್ಲ. ಆಮೇಲೆ ಎರಡು ಸಲ ಕೆಮ್ಮಿ ನಿಲ್ಲುತ್ತದೆ."

"ಯಾಕೆ ಹಾಗೆ?"

"ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗುತ್ತದೆ ಎನ್ನುತ್ತಾರೆ. ಪೂರ್ತಿ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದು ಗುರುಗಳು ಕತೆಗೆ ಮರಳಿದರು.

ಖಾಲಿ ಎಂಜಿನ್ನು ಮನೆಗೆ ಬಂದಾಗಲೆಲ್ಲ ನೇಕಾರನಿಗೆ ಏನೋ ಕೊರೆಯುತ್ತಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಕೆಲಸವನ್ನು ಅವನ ಹೆಂಡತಿ ಮಾಡಿದಳು. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿ, "ಬೆಲ್ಲದಂಗಡಿಯವರ ಮನೆಯ ಪಾತ್ರೆಯಲ್ಲಿ ಇರುವೆಗೂ ಏನೂ ಉಳಿದಿರುವುದಿಲ್ಲ ನೋಡಿ," ಎಂದಳು. ನೇಕಾರ ನಕ್ಕ. ಆದರೆ ಆ ಮಾತು ಅವನ ಒಳಗೆ ಇಳಿಯಿತು. ನಾನು ತುಂಬಿ ಕೊಡುತ್ತೇನೆ, ಇವನು ಬಸಿದುಕೊಂಡು ಕೊಡುತ್ತಾನೆ. ಟ್ಯಾಂಕಿನದು ಸಾಲದೆಂದು ಒಳಗಿನ ಬಟ್ಟಲಿನದನ್ನೂ ಕೂತು ಉರಿಸಿ ಕೊಡುತ್ತಾನೆ. ಒಂದು ಹನಿಯನ್ನೂ ನನಗೆ ಬಿಡಬಾರದೆಂದು ಅಷ್ಟು ಹೊತ್ತು ಕಾಯುತ್ತಾನೆ. ಇಂಥ ಜಿಪುಣನನ್ನು ಇಷ್ಟು ವರ್ಷ ಗೆಳೆಯ ಎಂದುಕೊಂಡೆನಲ್ಲ!

ಒಂದು ನಾಮಕರಣದ ಊಟದಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಹೋಳಿಗೆ ಬಡಿಸುವವನು ವ್ಯಾಪಾರಿಯ ಎಲೆಗೆ ಇನ್ನೊಂದು ಹಾಕಲು ಬಂದ. ನೇಕಾರ ಸಾಲಿನವರಿಗೆಲ್ಲ ಕೇಳಿಸುವ ಹಾಗೆ ಹೇಳಿದ: "ಹಾಕು ಮಾರಾಯ, ಇನ್ನೊಬ್ಬರ ಮನೆಯದು ಅವನಿಗೆ ಸೇರುತ್ತದೆ. ತಕ್ಕಡಿಗೆ ಅಂಟಿದ ಬೆಲ್ಲವನ್ನೂ ಕೆರೆದುಕೊಳ್ಳುವವನು. ನಮ್ಮ ಎಂಜಿನ್ನಿನ ಟ್ಯಾಂಕನ್ನೂ ಹಾಗೇ ಕೆರೆದು ಕೊಡುತ್ತಾನೆ."

ಕಿವಿ ಮಂದವಾದವರು ಮಾತಾಡುವುದು ಸ್ವಲ್ಪ ಜೋರಾಗಿಯೇ ಇರುತ್ತದೆ. ಇಡೀ ಸಾಲು ನಕ್ಕಿತು. ವ್ಯಾಪಾರಿಯೂ ನಕ್ಕ. ಆ ಹೋಳಿಗೆಯನ್ನು ಅವನು ತಿನ್ನಲಿಲ್ಲ.

"ಅವನು ಅಲ್ಲೇ ಹೇಳಬಹುದಿತ್ತಲ್ಲ?" ಎಂದ ಮರುಳಯ್ಯ. "ಪೆಟ್ರೋಲ್ ತುಂಬಿ ವರ್ಷಗಟ್ಟಲೆ ಇಟ್ಟರೆ ಕೆಡುತ್ತದೆ, ಅದಕ್ಕೇ ಖಾಲಿ ಮಾಡಿ ಕೊಡುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು."

"ಹೇಳಬಹುದಿತ್ತು," ಎಂದರು ಗುರುಗಳು. "ಹೇಳಿದ್ದರೆ, ನೀನು ಪ್ರತಿ ಸಲ ಪ್ರೀತಿಯಿಂದ ತುಂಬಿ ಕೊಟ್ಟದ್ದು ಎಂಜಿನ್ನಿಗೆ ವಿಷ ಎಂದೂ ಹೇಳಿದಂತಾಗುತ್ತಿತ್ತು. ಊಟದ ಸಾಲಿನಲ್ಲಿ ಅದನ್ನು ಹೇಗೆ ಹೇಳುವುದು? ವ್ಯಾಪಾರಿ ಯೋಚಿಸಿ ಸುಮ್ಮನಾದ. ಅವನು ಸುಮ್ಮನಾದದ್ದು ಸರಿಯೋ ತಪ್ಪೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಕತೆ ಹೇಳುವವನಿಗೆ ಅದು ಗೊತ್ತಿರಬೇಕು ಎನ್ನುತ್ತಾರೆ. ನಾನು ಮೊದಲೇ ಹೇಳಿದೆನಲ್ಲ."

ಮುಂದಿನ ಚಳಿಗಾಲ ವ್ಯಾಪಾರಿ ಕೊಡುವ ಸರದಿ. ಬಿಡಾರ ಎತ್ತುವ ದಿನ ಅವನು ನಲ್ಲಿ ಮುಚ್ಚಲಿಲ್ಲ. ಪಕ್ಕದಲ್ಲಿ ಕೂರಲಿಲ್ಲ. ಟ್ಯಾಂಕನ್ನು ಕಂಠದವರೆಗೆ ತುಂಬಿಸಿದ. ಮೇಲೊಂದು ಅಚ್ಚು ಬೆಲ್ಲ ಇಟ್ಟು, ಎರಡೂ ಕೈಯಲ್ಲಿ ಕೊಟ್ಟ.

ನೇಕಾರನಿಗೆ ಹಿಡಿಸಲಾರದಷ್ಟು ಸಂತೋಷ. ಮನೆಗೆ ತಂದು ಹೆಂಡತಿಗೆ ತೋರಿಸಿದ. "ಈಗೇನು ಹೇಳುತ್ತೀಯೆ? ಇರುವೆಗೂ ಉಳಿದಿದೆ," ಎಂದ. ಅವಳು ಬೆಲ್ಲ ಒಳಗಿಟ್ಟಳು. ಅವನು ಎಂಜಿನ್ನಿಗೆ ಹೊಸ ಟವಲ್ಲು ಹೊದಿಸಿ ಒಳಕೋಣೆಯಲ್ಲಿ ಇಟ್ಟ. ಗೆಳೆಯ ತುಂಬಿ ಕೊಟ್ಟದ್ದು ಎಂದು ವರ್ಷವಿಡೀ ಮುಟ್ಟಲಿಲ್ಲ. ಧೂಳು ಮಾತ್ರ ಒರೆಸುತ್ತಿದ್ದ. ಮನೆಗೆ ಬಂದವರಿಗೆ ಟವಲ್ಲು ಸರಿಸಿ ತೋರಿಸುತ್ತಿದ್ದ.

ಮತ್ತೆ ಚಳಿಗಾಲ ಬಂತು. ಇಬ್ಬರೂ ಕೆರೆಗೆ ಹೋದರು. ಬ್ಯಾಟರಿಯನ್ನು ಮನೆಯಲ್ಲೇ ಚಾರ್ಜು ಮಾಡಿ ತಂದಿದ್ದರು, ಹಾಗಾಗಿ ಮೊದಲ ದಿನಗಳು ಸುಖವಾಗಿ ಕಳೆದವು. ಆ ವರ್ಷ ಹಕ್ಕಿಗಳು ತಡವಾಗಿ ಬಂದವು. ಅವು ಬಂದು ಇಳಿಯುವ ಹೊತ್ತಿಗೆ ಬ್ಯಾಟರಿ ಬರಿದಾಗಿತ್ತು. ನೇಕಾರನ ಕಿವಿಯ ಯಂತ್ರವೂ ಸುಮ್ಮನಾಗಿತ್ತು. ನೇಕಾರ ಎಂಜಿನ್ನಿನ ಟವಲ್ಲು ತೆಗೆದು ಹಗ್ಗ ಎಳೆದ. ಅದು ಸ್ಟಾರ್ಟ್ ಆಗಲಿಲ್ಲ. ವ್ಯಾಪಾರಿ ಎಳೆದ. ಆಗಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದರು. ಹಳೆಯ ಪೆಟ್ರೋಲ್ ಬಸಿದು ಹೊಸದು ಹಾಕಿದರು. ಹಗ್ಗ ಎಳೆದು ಎಳೆದು ಇಬ್ಬರ ರಟ್ಟೆಯೂ ಬಿದ್ದುಹೋಯಿತು. ಎಂಜಿನ್ನು ಒಮ್ಮೆ ಕೆಮ್ಮಲೂ ಇಲ್ಲ.

"ಹತ್ತಿರದ ಊರಿಗೆ ಹೋಗಿ ಕಿವಿಯ ಯಂತ್ರವನ್ನಷ್ಟೇ ಚಾರ್ಜು ಮಾಡಿಸಿಕೊಂಡು ಬರಬಹುದಿತ್ತಲ್ಲ ಗುರುಗಳೇ?"

ಗುರುಗಳು ತಬ್ಬಿಬ್ಬಾದರು. ಈ ಪ್ರಶ್ನೆಯನ್ನು ಅವರು ನಿರೀಕ್ಷಿಸಿರಲಿಲ್ಲ. "ವ್ಯಾಪಾರಿಯೂ ಸನ್ನೆ ಮಾಡಿ ಅದನ್ನೇ ಹೇಳಿದ," ಎಂದರು. "ನೇಕಾರ ಒಪ್ಪಲಿಲ್ಲ. ಮಾರನೆಯ ದಿನ ಬಿಡಾರ ಎತ್ತಬೇಕು. ಊರಿಗೆ ಹೋಗಿ ಬರುವುದರೊಳಗೆ ಹಕ್ಕಿ ಎದ್ದುಹೋದರೆ, ಕೇಳುವುದೂ ಇಲ್ಲ, ನೋಡುವುದೂ ಇಲ್ಲ. ನೋಡುವುದಾದರೂ ಇರಲಿ ಎಂದ. ಇದು ಸರಿಹೋಯಿತೇ?"

"ಸರಿಹೋಯಿತು," ಎಂದ ಮರುಳಯ್ಯ. ಅವನಿಗೆ ನಗು ಬಂತು. ಆಮೇಲೆ ನಗು ನಿಂತಿತು. ಮುಂದೇನಾಯಿತು ಎಂದು ಅವನಿಗೆ ಈಗ ನಿಜವಾಗಿಯೂ ತಿಳಿಯಬೇಕಿತ್ತು.

ಬೆಳಿಗ್ಗೆ ಹಕ್ಕಿಗಳು ಕೆರೆಯ ತುಂಬ ಕೂತಿದ್ದವು. ದಂಡೆಯ ಮೇಲೆ ವ್ಯಾಪಾರಿ ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿದ. ಒಳಗೆ ಪೆಟ್ರೋಲ್ ಇರಲಿಲ್ಲ. ಕಂದು ಬಣ್ಣದ ಅಂಟು ಇತ್ತು. ತಳಹತ್ತಿದ ಪಾಕದ ಹಾಗಿತ್ತು, ಹಳೆಯ ಬಣ್ಣದ ಡಬ್ಬಿಯ ವಾಸನೆ ಬರುತ್ತಿತ್ತು. ಪೆಟ್ರೋಲ್ ಮೇಲೇರುವ ತೂತು ಸೂಜಿಮೊನೆಯಷ್ಟು ಸಣ್ಣದು. ಅದು ಪೂರ್ತಿ ಕಟ್ಟಿಹೋಗಿತ್ತು.

ನೇಕಾರ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿದ. "ಇದು ನೀನು ಕೊಟ್ಟ ಪೆಟ್ರೋಲೇ?" ಎಂದು ಕೇಳಿದ.

"ಹೌದು," ಎಂದ ವ್ಯಾಪಾರಿ. "ನೀನು ಮನೆಗೆ ಹೋಗಿ ಬಸಿಯುತ್ತೀಯೆ ಎಂದುಕೊಂಡೆ."

ನೇಕಾರನಿಗೆ ಕೇಳಿಸಲಿಲ್ಲ. "ಏನು?" ಎಂದ.

"ಬಸಿಯುತ್ತೀಯೆ ಎಂದುಕೊಂಡೆ."

"ಆಂ?"

ವ್ಯಾಪಾರಿ ಅವನ ಕಿವಿಯ ಹತ್ತಿರ ಬಾಯಿಟ್ಟ. ಎಷ್ಟೋ ವರ್ಷ ಗೆಳೆಯನ ಮನಸ್ಸು ನೋಯಬಾರದೆಂದು ಒಳಗೇ ಇಟ್ಟುಕೊಂಡ ಮಾತು. ಗುಟ್ಟಾಗಿ, ಮೆಲ್ಲಗೆ, ಪಕ್ಕದಲ್ಲಿ ಕೂತು ಹೇಳಬೇಕಾದ ಮಾತು. ಅದನ್ನು ಅವನು ಆ ಬಯಲಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕಾಯಿತು.

"ನೀನು ತುಂಬಿ ಕೊಟ್ಟದ್ದನ್ನೆಲ್ಲ ನಾನು ಮನೆಗೆ ಹೋಗಿ ಬಸಿಯುತ್ತಿದ್ದೆ! ಪ್ರತಿ ಸಲ ಬಸಿಯುತ್ತಿದ್ದೆ! ನೀನೂ ಹಾಗೇ ಮಾಡುತ್ತೀಯೆ ಎಂದುಕೊಂಡೆ!"

ಆ ಕೂಗಿಗೆ ಕೆರೆಯ ಹಕ್ಕಿಗಳೆಲ್ಲ ಬೆದರಿದವು. ಇಡೀ ಹಿಂಡು ಒಮ್ಮೆಗೇ ಎದ್ದಿತು. ನೇಕಾರ ತಲೆಯೆತ್ತಿ ನೋಡಿದ. ರೆಕ್ಕೆಗಳು ಬಡಿಯುವುದು ಕಾಣಿಸಿತು. ಕೊಕ್ಕುಗಳು ತೆರೆದು ಮುಚ್ಚುವುದು ಕಾಣಿಸಿತು. ಅಷ್ಟು ಬಾಯಿ ತೆರೆದಿದ್ದವು, ಒಂದರಿಂದಲೂ ಅವನಿಗೆ ಸದ್ದು ಬರಲಿಲ್ಲ. ಹಿಂಡು ಅವನ ನೆತ್ತಿಯ ಮೇಲೆಯೇ ದಾಟಿಹೋಯಿತು.

ಆಕಾಶ ಬರಿದಾದ ಮೇಲೂ ನೇಕಾರ ಬಹಳ ಹೊತ್ತು ಮೇಲೆ ನೋಡುತ್ತಿದ್ದ. ಆಮೇಲೆ, "ಮುಂದಿನ ವರ್ಷಕ್ಕೆ ಈ ಕಿವಿ ಇರುತ್ತದೋ ಇಲ್ಲವೋ. ಅವು ಹೇಗೆ ಕೂಗಿದವು, ಹೇಳು," ಎಂದ.

ವ್ಯಾಪಾರಿ ಮತ್ತೆ ಅವನ ಕಿವಿಗೆ ಬಾಯಿಟ್ಟು, "ಆಂಗ್! ಆಂಗ್!" ಎಂದು ಕೂಗಿದ.

"ಇದು ಹಕ್ಕಿಯೋ ಲಾರಿಯೋ?" ಎಂದ ನೇಕಾರ.

ಇಬ್ಬರೂ ನಕ್ಕರು. ಆಮೇಲೆ ನೇಕಾರ ಎಂಜಿನ್ನನ್ನು ತನ್ನ ಕಡೆ ಎಳೆದುಕೊಂಡ. ಅದನ್ನು ಒಯ್ಯುವ ಸರದಿ ವ್ಯಾಪಾರಿಯದು, ಕೊಡುವ ಸರದಿ ನೇಕಾರನದು. ಹೊಸದಾಗಿ ಹಾಕಿದ್ದ ಪೆಟ್ರೋಲನ್ನು ನೇಕಾರ ಕೊನೆಯ ಹನಿಯವರೆಗೆ ಬಸಿದ. ಬಟ್ಟಲನ್ನು ಪಂಚೆಯ ಅಂಚಿನಿಂದ ಒರೆಸಿದ. ಖಾಲಿಯಾದದ್ದನ್ನು ಎರಡೂ ಕೈಯಲ್ಲಿ ಎತ್ತಿ ಗೆಳೆಯನಿಗೆ ಕೊಟ್ಟ.

ಇಲ್ಲಿಗೆ ಗುರುಗಳು ನಿಲ್ಲಿಸಿದರು. ನಿಲ್ಲಿಸಿದ್ದು ಸಾಕೋ ಇನ್ನೂ ಬೇಕೋ ಎಂದು ಅವರಿಗೆ ತಿಳಿಯಲಿಲ್ಲ. ಮರುಳಯ್ಯನ ಮುಖ ನೋಡಿದರು.

ಮರುಳಯ್ಯ ಯೋಚಿಸುತ್ತಿದ್ದ. "ಹಾಗಾದರೆ ನೀವು ವ್ಯಾಪಾರಿ, ನಾನು ನೇಕಾರ. ಹೌದೇ?" ಎಂದ. "ಇಲ್ಲಿಂದ ಹೋದವರೆಲ್ಲ ತುಂಬಿಸಿಕೊಂಡು ಹೋದರು. ಆ ಶಾಲು ತೆಗೆದುಕೊಂಡವರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಬಂದವರಿಗೆ ತೆಗೆದು ತೋರಿಸುತ್ತಾರೆ ಎಂದು ಕೇಳಿದ್ದೇನೆ. ಆದರೆ ನನಗೆ ಒಂದು ಅರ್ಥವಾಗಲಿಲ್ಲ. ಖಾಲಿ ಎಂಜಿನ್ನು ಕೆಡುವುದಿಲ್ಲ, ಸರಿ. ಆದರೆ ಖಾಲಿ ಎಂಜಿನ್ನು ಓಡುವುದೂ ಇಲ್ಲವಲ್ಲ? ಅಲ್ಲಿಗೆ ಹೋಗಿ ನಾನು ಏನನ್ನು ಹೇಳಲಿ?"

ಗುರುಗಳ ಮುಖ ಅರಳಿತು. ಇದನ್ನು ವಿವರಿಸಬಹುದು ಎಂದು ಅವರಿಗೆ ಧೈರ್ಯ ಬಂತು. ಕಲ್ಲಿನ ಮೇಲೆ ಮುಂದಕ್ಕೆ ಸರಿದು ಕೂತರು.

"ಒಳ್ಳೆಯ ಪ್ರಶ್ನೆ. ನೋಡು, ಇಲ್ಲಿ ಮೂರು ವಿಷಯ ಇವೆ. ಮೊದಲನೆಯದು, ಕೆರೆಗೆ ಹೋದ ಮೇಲೆ ಅವರು ಪೆಟ್ರೋಲ್ ಹಾಕಿಯೇ ಹಾಕುತ್ತಿದ್ದರು. ಯಾವಾಗ ಬೇಕೋ ಆವಾಗ, ಅಲ್ಲಿಯದೇ ಹೊಸ ಪೆಟ್ರೋಲ್. ಖಾಲಿ ಎಂದರೆ ಯಾವಾಗಲೂ ಖಾಲಿ ಎಂದಲ್ಲ. ಎರಡನೆಯದು, ನಲ್ಲಿ ಮುಚ್ಚಿದ ಮೇಲೆ ಬಟ್ಟಲಿನಲ್ಲಿ ಉಳಿದಿರುತ್ತದಲ್ಲ, ಆ ಸ್ವಲ್ಪ. ಕಟ್ಟಿಕೊಳ್ಳುವುದು ಅದೇ. ನಾನು ಇಷ್ಟು ವರ್ಷ ನಿನಗೆ ಹೇಳಿದ್ದು ಏನಿದೆ, ಅದು ಟ್ಯಾಂಕು ಅಲ್ಲ, ಅದು ಬಟ್ಟಲು. ಹಾಗೆಂದರೆ ಅದು ಬೇಡ ಎಂದು ಅಲ್ಲ. ಬಟ್ಟಲು ಇಲ್ಲದಿದ್ದರೆ ಎಂಜಿನ್ನೇ ಇಲ್ಲ. ಇದನ್ನು ಇನ್ನೊಂದು ರೀತಿ ಹೇಳುತ್ತೇನೆ, ನೀನು ಆಗಲೇ ಹೇಳಿದೆಯಲ್ಲ, ನಿಲ್ಲುವ ಮುಂಚೆ ಒಮ್ಮೆ ಜೋರಾಗುತ್ತದೆ ಎಂದು, ಅದು ಯಾಕೆ ಮುಖ್ಯ ಎಂದರೆ..."

"ಬುದ್ಧೀ!" ಎಂದು ಅಡುಗೆಯ ಚೆನ್ನವೀರಪ್ಪ ಮಠದ ಬಾಗಿಲಿನಿಂದ ಕೂಗಿದ. "ಟೆಂಟು ತಂದ ಟ್ರ್ಯಾಕ್ಟರಿನವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಎಲ್ಲಿ ಇಳಿಸಲಿ ಅಂತಾನೆ. ನಾನು ಹೇಳಿದರೆ ಕೇಳುವುದಿಲ್ಲ, ಅವರೇ ಬರಲಿ ಅಂತಾನೆ. ಬೇಗ ಬನ್ನಿ, ಅನ್ನ ಒಲೆಯ ಮೇಲಿದೆ!"

"ಬಂದೆ," ಎಂದು ಗುರುಗಳು ಎದ್ದರು. ಮೂರನೆಯ ವಿಷಯ ಏನೆಂದು ಮರುಳಯ್ಯ ಕೇಳಬೇಕೆಂದಿದ್ದ. ಗುರುಗಳು ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಮರುಳಯ್ಯ ಸ್ವಿಚ್ಚು ಒತ್ತಿ ನಿಲ್ಲಿಸಿದ್ದ ಎಂಜಿನ್ನಿನ ಮುಂದೆ ಬಗ್ಗಿದರು. ಟ್ಯಾಂಕಿನ ಕೆಳಗಿನ ನಲ್ಲಿಯನ್ನು ತಿರುಗಿಸಿ ಮುಚ್ಚಿದರು. ಎಳೆಯುವ ಹಗ್ಗದ ಹಿಡಿಯನ್ನು ಅವನ ಬರಿಗೈಯಲ್ಲಿ ಇಟ್ಟರು.

"ಒಳಗೆ ಉಳಿದಿರುವ ನನ್ನದನ್ನೆಲ್ಲ ದಾರಿಯಲ್ಲೇ ಉರಿಸಿ ಮುಗಿಸಿ, ಅಲ್ಲಿಗೆ ಖಾಲಿಯಾಗಿ ಹೋಗು," ಎಂದರು.

ಮರುಳಯ್ಯ ಹಗ್ಗ ಎಳೆದ.